ಗಂಗಾಧರಯ್ಯನವರ ಎಡಗೈ

ಕೊಣನೂರಿನಲ್ಲಿ ತೇಜಶ್ರೀ ಫಿಸಿಯೋಥೆರಪಿ ಬೋರ್ಡು ಹಾಕಿದಾಗ ಜನ ಅವಳನ್ನು ಕರೆದದ್ದು ಕರೆಂಟ್ ಡಾಕ್ಟ್ರು ಅಂತ. ಮಂಡಿನೋವಿನವರು ಬಂದು ಕರೆಂಟ್ ಇಡಿಸಿಕೊಳ್ಳುವರು. ವ್ಯಾಯಾಮ ಹೇಳಿಕೊಡುವ ಹೊತ್ತಿಗೆ ಬಸ್ಸು ಬಂತು ಅಂತ ಎದ್ದುಹೋಗುವರು. ಹಾಸನದಲ್ಲಿ ವರ್ಷಗಟ್ಟಲೆ ಓದಿ, ವಾರ್ಡುಗಳಲ್ಲಿ ಬೆವರು ಸುರಿಸಿದ್ದು ಇದಕ್ಕೇನಾ ಅಂತ ಅವಳಿಗೆ ಉರಿದುಹೋಗುತ್ತಿತ್ತು.

ಅಂಥದ್ದರಲ್ಲಿ ಸಿಕ್ಕ ದೊಡ್ಡ ಕೇಸು ಬಟ್ಟೆ ಅಂಗಡಿಯ ಯಜಮಾನ ಗಂಗಾಧರಯ್ಯನವರದು. ಲಕ್ವ ಹೊಡೆದು ಎಡಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತ್ತು. ಕಾಲು ಸುಧಾರಿಸಿತು, ಕೈ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ತೇಜಶ್ರೀ ದಿನಾ ಮನೆಗೆ ಹೋಗಿ ಚೆಂಡು ಹಿಡಿಸಿದಳು, ಲೋಟ ಹಿಡಿಸಿದಳು. ಅವರು ಹೆಸರಿಗೆ ಮುಟ್ಟಿ ಗೋಡೆ ನೋಡುತ್ತ ಕೂರುತ್ತಿದ್ದರು. ಬೇಸತ್ತ ಮಗ ರಜನೀಶ, ಸೋಮವಾರದಿಂದ ಅಪ್ಪನನ್ನು ಎಣ್ಣೆ ತಿಕ್ಕುವವನ ಹತ್ತಿರ ಕಾರಿನಲ್ಲಿ ಕರೆದೊಯ್ಯುತ್ತೇನೆ ಅಂದುಬಿಟ್ಟ. ಈ ಮನೆ ಕೈಬಿಟ್ಟರೆ ಊರಲ್ಲಿ ಇನ್ನೊಂದು ಮನೆ ಅವಳನ್ನು ಕರೆಯುವುದಿಲ್ಲ.

ಶನಿವಾರ ಅರಕಲಗೂಡಿಗೆ ಹೋಗಬೇಕಿದ್ದರಿಂದ ತೇಜಶ್ರೀ ಬೆಳಿಗ್ಗೆ ಬೇಗನೆ ಬಂದಳು. ಯಜಮಾನರು ಸ್ನಾನ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ವಿಭೂತಿ, ಪತ್ರೆ. ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡು ಬಲಗೈಯಿಂದ ಒಂದೊಂದೇ ಬೆರಳು ಬಿಡಿಸುತ್ತಿದ್ದರು. ಬಿಟ್ಟ ಕೂಡಲೇ ಅವು ಮಡಚಿಕೊಳ್ಳುತ್ತಿದ್ದವು. ಹೆಂಡತಿ ದಾಕ್ಷಾಯಣಮ್ಮ ಪಕ್ಕದಲ್ಲಿ ಕೂತಿದ್ದರು. ಪೂಜೆಗೆ ಇಷ್ಟಲಿಂಗ ಎಡ ಅಂಗೈಯಲ್ಲೇ ಕೂರಬೇಕು. ಲಕ್ವ ಹೊಡೆದಂದಿನಿಂದ ಅದು ಕೊರಳಿನ ವಸ್ತ್ರ ಬಿಟ್ಟು ಹೊರಗೆ ಬಂದಿಲ್ಲ, ಬಲಗೈಯಲ್ಲಿ ಇಟ್ಟುಕೊಳ್ಳಿ ಅಂದರೆ ಒಪ್ಪುತ್ತಿಲ್ಲ, ಪೂಜೆಯಿಲ್ಲದೆ ಅನ್ನವೂ ಸೇರುತ್ತಿಲ್ಲ ಅಂತ ಆಕೆ ತೇಜಶ್ರೀಗೆ ಮೆಲ್ಲಗೆ ಹೇಳಿದರು.

ತೇಜಶ್ರೀಗೆ ಕಪಾಳಕ್ಕೆ ಹೊಡೆದಂತಾಯಿತು. ಈ ಕೈಯಿಂದ ನಿಮಗೆ ಯಾವ ಕೆಲಸ ಆಗಬೇಕು ಅಂತ ಮೊದಲು ರೋಗಿಯನ್ನೇ ಕೇಳಿ ಎಂದು ಹಾಸನದ ಕಾಲೇಜಿನ ಮೇಡಂ ತಲೆಗೆ ಮೊಳೆ ಹೊಡೆದಂತೆ ಕಲಿಸಿದ್ದರು. ಇಲ್ಲಿ ಹಿರಿಯರನ್ನು ನೇರ ಕೇಳುವುದು ಹೇಗೆ ಅಂತ ಹಿಂಜರಿದು ಅವಳು ಅದನ್ನು ಮಗನನ್ನು ಕೇಳಿದ್ದಳು. ಅಂಗಡಿಯಲ್ಲಿ ಕೂರುವಂತಾದರೆ ಸಾಕು ಅಂದಿದ್ದ ಅವನು.

"ಮೊದ್ಲೇ ಯಾಕೇಳ್ಲಿಲ್ಲ ತಾತ?" ಅಂದಳು, ಸ್ವಲ್ಪ ಸಿಟ್ಟಿನಿಂದಲೇ.

"ನೀನು ಕೇಳ್ಲಿಲ್ವಲ್ಲವ್ವ. ಲೋಟ ಇಡಿ ಅಂದೆ. ನಾನ್ಯಾವತ್ತು ಎಡಗೈಲಿ ನೀರು ಕುಡ್ದಿದ್ದೆ?"

ತೇಜಶ್ರೀ ಚೆಂಡು, ಲೋಟ ಎಲ್ಲ ಬ್ಯಾಗಿಗೆ ತುಂಬಿದಳು. ಹಿಡಿಯುವುದನ್ನು ಬಿಟ್ಟು ಬಿಚ್ಚುವುದನ್ನು ಕಲಿಸಬೇಕಿತ್ತು. ಮುಂಗೈಯನ್ನು ದಿಂಬಿನ ಮೇಲಿಟ್ಟು, ಹೆಬ್ಬೆರಳಿನ ಬುಡ ಹಿಡಿದು, ನಿಧಾನವಾಗಿ ಹೊರಳಿಸಿದಳು. ಅವರು ಮೊದಲ ಬಾರಿಗೆ ಗೋಡೆ ಬಿಟ್ಟು ಕೈ ನೋಡಿದರು. ಅರಕಲಗೂಡಿನ ಬಸ್ಸು ಹೋಯಿತು. ಅಂಗೈ ಅರ್ಧ ಮೇಲಕ್ಕೆ ತಿರುಗಿದಾಗ ದಾಕ್ಷಾಯಣಮ್ಮ ಕೇಳದೆಯೇ ಅದರ ಮೇಲೆ ಒಂದು ವಿಭೂತಿ ಗಟ್ಟಿ ಇಟ್ಟರು. ಅದು ಒಂದು ಗಳಿಗೆ ನಿಂತು, ಉರುಳಿ ನೆಲಕ್ಕೆ ಬಿದ್ದು ಪುಡಿಯಾಯಿತು.

ಆಗಲೇ ಬಂದ ರಜನೀಶ, ಸೋಮವಾರ ಬೇಗ ಹೊರಡಬೇಕು ಅಂತ ಅಪ್ಪನಿಗೆ ನೆನಪಿಸಿದ.

ಗಂಗಾಧರಯ್ಯ ತಮ್ಮ ಅಂಗೈಯನ್ನೇ ನೋಡುತ್ತಿದ್ದರು. "ಕಾರು ಬ್ಯಾಡ ಕಣ್ಲಾ. ಇದ್ರ ಮೇಲೆ ಶಿವನ್ನ ಕೂರ್ಸೋ ಅಂಗೆ ಇನ್ನೂ ಆಗಿಲ್ಲ," ಅಂದು ತೇಜಶ್ರೀ ಕಡೆ ತಿರುಗಿದರು. "ಸೋಮವಾರ ಪೂಜೆ ಒತ್ತಿಗೇ ಬಾರವ್ವ."