ನಾಲ್ಕು ನಡುಮನೆ

ಮೂವತ್ತನಾಲ್ಕು ವರ್ಷ ಮಕ್ಕಳ ಪರೀಕ್ಷೆ ಪೇಪರು ತಿದ್ದಿದವಳು ನಾನು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ರಿಟೈರಾದ ಮೇಲೆ ಮದ್ದೂರಿನ ಈ ಮನೆಯಲ್ಲಿ ತಿದ್ದುವುದಕ್ಕೆ ಏನೂ ಸಿಗದೆ, ಬಂದ ಲಗ್ನಪತ್ರಿಕೆಗಳನ್ನೆಲ್ಲ ತಿದ್ದಿಡುತ್ತಿದ್ದೆ. ನನಗೆ ಮತ್ತೆ ಒಂದು ಸರಿಯಾದ ಕೆಲಸ ಕೊಟ್ಟವಳು ಚಿಕ್ಕಬೋರಮ್ಮ.

ವೈದ್ಯನಾಥಪುರದಿಂದ ದಿನ ಬಿಟ್ಟು ದಿನ ಸೊಪ್ಪು ತರುತ್ತಾಳೆ. ದಂಟು ಬಲಿತಿದೆ ಎಂದು ನಾನು ಬೈಯುತ್ತೇನೆ, ಸೊಪ್ಪು ಆರಿಸಲು ಬಾರದ ಹೆಂಗಸು ಎಂದು ಅವಳು ತಿರುಗಿ ಬೈಯುತ್ತಾಳೆ. ಹನ್ನೊಂದು ವರ್ಷದಿಂದ ಇದು ತಪ್ಪಿಲ್ಲ. ಯುಗಾದಿ ಕಳೆದ ವಾರ ಮಾತ್ರ ಜಗಳವಾಡದೆ ಜಗುಲಿಯ ಮೇಲೆ ಕೂತಳು. ಅವಳ ಗಂಡ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

“ಟೀಚ್ರಮ್ಮ, ಫೋನಲ್ಲಿ ಹಳೇ ಸೀರಿಯಲ್ಲೆಲ್ಲ ಬತ್ತವಂತೆ, ದಿಟವಾ?”

“ಬರ್ತವೆ. ಯಾವ್ದು ಬೇಕಿತ್ತು?”

“ನಡುಮನೆ ಅಂತ. ನಮ್ಮೂರ ಹೊಳೆ ದಂಡೇಲಿ ಸೂಟಿಂಗ್ ಮಾಡಿದ್ರು. ನಮ್ಮೋರೂ ಆಕ್ಟು ಮಾಡವ್ರೆ. ಆರ್ನೇ ವಾರ ಬತ್ತದೆ, ನೋಡು ಅಂದಿದ್ರು. ಅವತ್ತೇ ಕರೆಂಟು ಓಯ್ತು.”

ಮನೆಯಲ್ಲಿ ಫೋಟೋ ಇಲ್ಲವೇ ಎಂದೆ. ಇದೆ ಎಂದಳು.

“ಫೋಟೋದಲ್ಲಿ ಅಲ್ಲಾಡ್ದಂಗೆ ಕುಂತವ್ರೆ ಕಣಮ್ಮ. ಬದುಕಿದ್ದಾಗ ಒಂದ್ಗಳಿಗೆ ಅಂಗೆ ಕುಂತೋರಲ್ಲ. ಒಂದ್ಸಲ ಓಡಾಡೋದ್ನ ನೋಡ್ಬೇಕು.”

ಹೆಸರು ಕೇಳಿದೆ. ಕೇಳಬಾರದಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ ಅವಳು. ಎಲೆಅಡಿಕೆ ಚೀಲದಿಂದ ಹಳೆಯ ವೋಟರ್ ಕಾರ್ಡು ತೆಗೆದು ನನ್ನ ಕೈಗಿಟ್ಟಳು. ಶಿವರಾಜು. ದಪ್ಪ ಮೀಸೆ, ಫೋಟೋ ತೆಗೆಯುವವನ ಮೇಲೇ ಸಿಟ್ಟಾದಂತಿದ್ದ ಮುಖ.

ಅವಳು ಹೋದ ಮೇಲೆ ಹುಡುಕಿದೆ. ಧಾರಾವಾಹಿಗಳ ಪಟ್ಟಿಯನ್ನೂ ಕಂತುಗಳ ವೀಡಿಯೋಗಳನ್ನೂ ಇಡುವ ತಾಣವೊಂದಿದೆ, ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು. ಅಲ್ಲಿ ನಡುಮನೆ ಒಂದಲ್ಲ, ನಾಲ್ಕು. ವಾರಕ್ಕೊಂದರಂತೆ ಹದಿಮೂರು ವಾರ ಬಂದ ಹಳೆಯದು ಒಂದು. ಅತ್ತೆ ಸೊಸೆ ಎಂಟುನೂರು ಕಂತು ಕಿತ್ತಾಡಿದ್ದು ಇನ್ನೊಂದು. ಬೇರೆ ಭಾಷೆಯಿಂದ ಡಬ್ ಆದದ್ದು ಮೂರನೆಯದು. ನಾಲ್ಕನೆಯದು ಧಾರಾವಾಹಿಯೇ ಅಲ್ಲ, ಹೆಂಗಸರು ಒಗ್ಗರಣೆ ಹಾಕುತ್ತ ಹರಟೆ ಹೊಡೆಯುವ ಕಾರ್ಯಕ್ರಮ. ಯಾರೋ ಪುಣ್ಯಾತ್ಮರು ನಾಲ್ಕನ್ನೂ ಕಲಸಿ ಹಿಟ್ಟು ಮಾಡಿಟ್ಟಿದ್ದರು. ಒಂದರ ಪೋಸ್ಟರು ಇನ್ನೊಂದಕ್ಕೆ, ಒಂದರ ಕಂತು ಇನ್ನೊಂದರ ಕೆಳಗೆ. ತೊಂಬತ್ತೊಂಬತ್ತರಲ್ಲಿ ಹುಟ್ಟಿದ ನಟಿಯೊಬ್ಬಳು ಹಳೆಯ ಧಾರಾವಾಹಿಯಲ್ಲಿ ಅಜ್ಜಿ ಎಂದು ಬರೆದಿತ್ತು. ನನಗೆ ರಕ್ತದೊತ್ತಡ ಏರಿತು.

ಮುಂದಿನ ಸಲ ಸೊಪ್ಪು ತಂದಾಗ ಯಾವ ವರ್ಷ ಎಂದು ಕೇಳಿದೆ. “ನಮ್ ರೂಪ ತೊಟ್ಲಲ್ಲಿದ್ಲು,” ಎಂದಳು. ಅವಳ ಮಗಳು ರೂಪಳಿಗೆ ಈಗ ಇಪ್ಪತ್ತೊಂಬತ್ತು. ಹಾಗಾದರೆ ಮೊದಲನೆಯದೇ. ಅದರ ಕಂತುಗಳೋ, ಎರಡನೆಯದರ ಎಂಟುನೂರರ ನಡುವೆ ಚೆಲ್ಲಾಪಿಲ್ಲಿಯಾಗಿದ್ದವು. ನಾನೊಂದು ಉಪಾಯ ಮಾಡಿದೆ. ಯಾರ ಕೈಯಲ್ಲಾದರೂ ಮೊಬೈಲು ಕಂಡರೆ ಅದು ನಮ್ಮದಲ್ಲ. ಮನೆಯೊಳಗೆ ಮೂರು ಎಳೆ ಸರ ಹಾಕಿಕೊಂಡು ಕಾಫಿ ಸೋಸುತ್ತಿದ್ದರೆ ಖಂಡಿತ ನಮ್ಮದಲ್ಲ. ಒಬ್ಬೊಬ್ಬರು ಬಾಗಿಲಲ್ಲಿ ನಿಂತರೂ ಢಂ ಢಂ ಎನ್ನುವ ಆ ಸಂಗೀತ ನನಗೆ ತಲೆನೋವು. ಸೌಂಡ್ ಪೂರ್ತಿ ತೆಗೆದು, ಕಣ್ಣಿನಲ್ಲೇ ನೋಡುತ್ತ ಒಂಬತ್ತು ದಿನ ಕೂತೆ. ಹದಿಮೂರೂ ಸಿಕ್ಕವು.

ಆರನೆಯದನ್ನು ಮೂರು ಸಲ ನೋಡಿದೆ. ಹೊಳೆ ಇತ್ತು, ದೇವಸ್ಥಾನದ ಹಿಂಭಾಗ ಇತ್ತು, ಹುಲ್ಲು ಹೇರಿದ ಗಾಡಿಯೂ ಇತ್ತು. ಗಾಡಿಯ ಮುಂದೆ ಹಗ್ಗ ಹಿಡಿದು ಕೂತಿದ್ದವನು ಮಾತ್ರ ನುಣ್ಣಗೆ ಕ್ಷೌರ ಮಾಡಿಕೊಂಡ ಹೀರೋ. ಮೀಸೆಯ ಶಿವರಾಜು ಎಲ್ಲೂ ಇರಲಿಲ್ಲ. ಉಳಿದ ಹನ್ನೆರಡರಲ್ಲೂ ಹುಡುಕಿದೆ. ಕೊನೆಗೆ ಡಬ್ಬಿಂಗಿನದನ್ನೂ ಬಿಡಲಿಲ್ಲ. ಅವನ ಭಾಗವನ್ನು ಕತ್ತರಿಸಿ ಎಸೆದಿದ್ದಾರೆ ಎಂದುಕೊಂಡೆ. ಇದನ್ನು ಆ ಹೆಂಗಸಿಗೆ ಹೇಗೆ ಹೇಳುವುದೆಂದು ಯೋಚಿಸಿ ಎರಡು ಸಲ, ಸೊಪ್ಪು ಬೇಡ ಎಂದು ಬಾಗಿಲಿನಿಂದಲೇ ಕಳಿಸಿದೆ.

ಮೂರನೆಯ ಸಲ ಅವಳು ಒಳಗೇ ಬಂದಳು.

“ಸಿಗ್ನಿಲ್ವಾ ಟೀಚ್ರಮ್ಮ?”

“ಸಿಕ್ತು ಬೋರಮ್ಮ. ಆದ್ರೆ ಅದ್ರಲ್ಲಿ ನಿನ್ನ ಯಜಮಾನ್ರು ಇಲ್ಲ.”

ಅವಳ ಮುಖ ನೋಡಲಾಗಲಿಲ್ಲ. ನನ್ನ ಮಾತು ನಂಬದಿದ್ದರೆ ನೀನೇ ನೋಡು ಎಂದು ಮೇಜಿನ ಮೇಲೆ ಫೋನು ನಿಲ್ಲಿಸಿ, ಆರನೆಯ ಕಂತಿನ ಗಾಡಿಯ ದೃಶ್ಯ ಹಾಕಿದೆ. ಅವಳು ಕೈ ಒರೆಸಿಕೊಂಡು ಹತ್ತಿರ ಕೂತಳು. ಹೀರೋನನ್ನು ನೋಡಲೇ ಇಲ್ಲ.

“ಅಯ್ಯೋ, ಇದು ಮಾರ. ಕೊಂಬು ಒಳೀಕೆ ತಿರ್ಗದೆ ನೋಡಿ. ಬಲಗಡೇದು ಗೌರ. ನಮ್ ಎತ್ತು ಕಣಮ್ಮ ಇವು.”

“ಎತ್ತು ನಿಮ್ದಿರ್ಬಹುದು. ಹೊಡೀತಿರೋನು ಹೀರೋ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ನಾನು ಎಷ್ಟೋ ದಡ್ಡ ಮಕ್ಕಳನ್ನು ನೋಡಿದ್ದೇನೆ.

“ಈ ಸೋಕಿ ಐದನ ಮಾತ್ಗೆ ಇವು ನಡೀತವಾ? ಕರ ಆಗಿದ್ದಾಗ್ಲಿಂದ ನಮ್ಮೋರು ಪಳಗ್ಸಿದ್ದು. ಬ್ಯಾರೆಯೋರು ಬಾರ್ಕೋಲಲ್ಲಿ ಬಡುದ್ರೂ ಒಂದೆಜ್ಜೆ ಇಕ್ತಿರ್ನಿಲ್ಲ. ಅವ್ರ ದನಿ ಕೇಳ್ಬೇಕು, ಆಗ್ಲೇ ನಡಿಯೋದು. ಸವುಂಡು ಕೊಡಿ.”

ಕೊಟ್ಟೆ. ಗಾಡಿಯ ಕೀಚು ಸದ್ದು, ಗಂಟೆ, ಎಲ್ಲೋ ಕಾಗೆ. ಹೀರೋ ಬಾಯಿ ಮುಚ್ಚಿಕೊಂಡು ದೂರ ನೋಡುತ್ತಿದ್ದಾನೆ. ಅವನ ಬೆನ್ನ ಹಿಂದಿನ ಹುಲ್ಲಿನೊಳಗಿಂದ ಗಡಸಾದ ಗಂಟಲೊಂದು, ಯಾರಿಗೂ ಕೇಳಿಸಬಾರದೆಂಬಂತೆ ತಗ್ಗಿಸಿ, ಹೇಳಿತು: “ಹೋ ಹೋ ಮಾರ, ನಡಿಯಪ್ಪ. ಗೌರ, ಎಳೀಬ್ಯಾಡ ಕಣ್ಲಾ, ಅವ್ನ ಜೊತೇಲೇ ಓಗು.”

ಎತ್ತುಗಳು ನಡೆದವು.

ಚಿಕ್ಕಬೋರಮ್ಮ ಸೆರಗು ಬಾಯಿಗೊತ್ತಿಕೊಂಡಳು. ಗಾಡಿ ತಿರುವಿನಲ್ಲಿ ವಾಲಿದಾಗ ಹುಲ್ಲು ಅಲ್ಲಾಡಿತು, ಹೆಗಲಿಗೆ ಹಾಕುವ ಕೆಂಪು ವಲ್ಲಿಯ ತುದಿಯೊಂದು ಕಂಡು ಮರೆಯಾಯಿತು. ಮೂರು ಸಲ ನೋಡಿದ್ದ ನನಗೆ ಅದು ಕಂಡಿರಲಿಲ್ಲ. ಮತ್ತೆ ಹಾಕಿದೆ. ಮತ್ತೆ. ನನ್ನ ಕನ್ನಡಕ ಮಂಜಾಗಿತ್ತು, ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಮನಸ್ಸೂ ಆಗಲಿಲ್ಲ.

ಅವಳೇ ಮೊದಲು ನಕ್ಕಳು. “ಆಕ್ಟು ಮಾಡಿದ್ದೆ, ಆಕ್ಟು ಮಾಡಿದ್ದೆ ಅಂತ ಊರೆಲ್ಲ ಮೆರುದ್ರು. ಉಲ್ಲೊಳಗೆ ಬಚ್ಚಿಟ್ಕಂಡಿದ್ದೆ ಅಂತ ಒಂದಿನ ಏಳ್ನಿಲ್ಲ. ಕಳ್ಳ.” ಆಮೇಲೆ, “ದನಿ ಮರ್ತೋಯ್ತಾ ಇತ್ತು ಟೀಚ್ರಮ್ಮ,” ಎಂದಳು. “ಯಾರ್ಗೂ ಏಳಿರ್ನಿಲ್ಲ.”

ಕಾಫಿ ಮಾಡಿಕೊಟ್ಟೆ. ಅವಳು ಕುಡಿಯುತ್ತಿರುವಾಗಲೇ ಆ ತಾಣ ತೆರೆದು ತಿದ್ದಲು ಕೂತೆ. ಹದಿಮೂರು ಕಂತನ್ನು ಎತ್ತಿ ಅವುಗಳ ಜಾಗಕ್ಕೆ ಹಾಕಿದೆ, ಅಜ್ಜಿಯಾಗಿದ್ದ ಹುಡುಗಿಯನ್ನು ಅವಳ ಧಾರಾವಾಹಿಗೆ ಕಳಿಸಿದೆ. ಆರನೆಯ ಕಂತಿಗೆ ಬಂದಾಗ ದನಿ ಕೊಟ್ಟವರ ಹೆಸರು ಬರೆಯಲು ಒಂದು ಖಾಲಿ ಜಾಗವಿತ್ತು. “ಹೆಸರು?” ಎಂದುಬಿಟ್ಟೆ. ಕ್ಲಾಸಿನ ಅಭ್ಯಾಸ.

ವೋಟರ್ ಕಾರ್ಡು ಅವಳ ಮಡಿಲಿನ ಎಲೆಅಡಿಕೆ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ಸಿವರಾಜು,” ಎಂದಳು. ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು. “ಮಾರಂದೂ ಗೌರಂದೂ ಬರೀರಿ. ಆ ಎತ್ಗಳ್ನ ಬುಟ್ಟು ಅವ್ರು ಎಲ್ಗೂ ಓಗ್ತಿರ್ನಿಲ್ಲ.”

ಬರೆದೆ. ಈಗಲೂ ನಡುಮನೆ ಎಂದು ಹುಡುಕಿದರೆ ನಾಲ್ಕು ಬರುತ್ತವೆ. ಎತ್ತುಗಳ ಹೆಸರಿರುವುದು ಒಂದರಲ್ಲೇ.