ಗುಂಡಯ್ಯನಿಗೆ ಒಂದು ಹಿಡಿ ಮಣ್ಣು

"ಪುಸ್ತಕ ಎದೆ ಹತ್ರ ಹಿಡ್ಕೊಳಮ್ಮ, ಮುಖ ಕಾಣ್ಬೇಕು," ಎಂದು ಕೀರ್ತಿರಾಜ್ ಸರ್ ನಿಸರ್ಗಳ ಗದ್ದ ಹಿಡಿದು ಎತ್ತಿದರು. ಅವಳ ಬೆನ್ನ ಹಿಂದೆ, ಜಗಲಿಯ ಮೇಲೆ, ತೋಟದ ಯಜಮಾನ ಗುಂಡಯ್ಯನ ಹೆಣ ಮಲಗಿತ್ತು. ಹೆಣ, ಮಗು, ಪುಸ್ತಕ ಮೂರೂ ಒಂದೇ ಫೋಟೋದಲ್ಲಿ ಬರಬೇಕೆಂದು ಆ ಮನುಷ್ಯ ಹಿಂದಕ್ಕೆ ಸರಿಯುತ್ತ ಸರಿಯುತ್ತ, ಅಳುತ್ತ ಕೂತ ಹೆಂಗಸರ ಸೆರಗು ತುಳಿಯುತ್ತಿದ್ದರು. ಸ್ಮಿತಾ ಬಗ್ಗಿ ಆ ಸೆರಗುಗಳನ್ನು ಪಕ್ಕಕ್ಕೆ ಎಳೆದುಕೊಟ್ಟಳು.

ಕೀರ್ತಿರಾಜ್ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕರು. ಸ್ಮಿತಾ ಅಲ್ಲೇ ಕೊನೇ ವರ್ಷದ ಬಿ.ಎ. ಹುಡುಗಿ. ಕೂಲಿಯವರ ಮಕ್ಕಳಿಗೆ ಓದಲು ಕಲಿಸುತ್ತೇವೆಂದು ಕಾಲೇಜಿನವರು ಹೊರಟಾಗ, ವಾರವಾರವೂ ನುಗ್ಗೇಹಳ್ಳಿ ಬಸ್ಸಿನಲ್ಲಿ ನೇತಾಡಿಕೊಂಡು ಬಂದವಳು ಅವಳು. ಸರ್ ಬರುತ್ತಿದ್ದುದು ಫೋಟೋ ತೆಗೆಯುವ ದಿನ ಮಾತ್ರ.

ಬೆಳಿಗ್ಗೆ ಸುದ್ದಿ ಕೇಳಿ ಓಡಿಬಂದಾಗ ನಿಸರ್ಗ ಕೇರಿಯ ಬಾಯಲ್ಲೇ ಕಾದಿದ್ದಳು. ಗುಂಡಯ್ಯ ತಾತನಿಗೆ ಮಣ್ಣು ಹಾಕಲು ನಮ್ಮನ್ನೂ ಬಿಡುತ್ತಾರಾ ಅಕ್ಕಾ, ಎಂದು ಕೇಳಿದ್ದಳು. ಬಿಡದೆ ಏನು, ನಾನಿಲ್ಲವಾ ಎಂದು ಸ್ಮಿತಾ ಮಾತು ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಊರಿನ ಕಟ್ಟಳೆ ನೆನಪಾಯಿತು. ಆ ಊರಲ್ಲಿ ಮೇಲಿನವರ ಮಣ್ಣಿಗೆ ಕೇರಿಯವರು ಬಂದರೆ ಬೇಲಿಯಾಚೆ ನಿಂತು ಕೈಮುಗಿದು ಹೋಗುತ್ತಾರೆಯೇ ಹೊರತು ಗುಂಡಿಯ ಅಂಚಿಗೆ ಬರುವುದಿಲ್ಲ.

ಆದರೂ ಹೋಗಿ, ನಿಮ್ಮಪ್ಪನೇ ಮಕ್ಕಳನ್ನು ಮಣ್ಣಿಗೆ ಕರೆದಿದ್ದರು ಎಂದು ಹಿರಿಮಗ ರವೀಂದ್ರನನ್ನು ಕೇಳಿದಳು. ಅವನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಮ್ಮಪ್ಪಂಗೆ ಕೊನೆಗಾಲ್ದಲ್ಲಿ ಬುದ್ಧಿ ನೆಟ್ಟಗಿರ್ಲಿಲ್ಲ ಕಣಮ್ಮ. ಅದುನ್ನೇ ಇಟ್ಕಂಡು ನೀವು ಆಡ್ಬ್ಯಾಡಿ."

ಕೀರ್ತಿರಾಜ್ ಸರ್ ಅವನನ್ನು ಮೂಲೆಗೆ ಕರೆದೊಯ್ದು ಏನೋ ಪಿಸುಗುಟ್ಟಿ, ನಗುತ್ತ ಬಂದರು. ಪೇಪರಿನಲ್ಲಿ ಬರುತ್ತದೆ, ನಿಮ್ಮ ಹೆಸರೂ ಇರುತ್ತದೆ ಎಂದರಂತೆ, ಒಪ್ಪಿಕೊಂಡನಂತೆ. ಥೂ, ಇದೆಂಥ ಒಪ್ಪಿಗೆ ಎನಿಸಿತು ಸ್ಮಿತಾಗೆ. ಆದರೂ ಹೋಗಿ ಮಕ್ಕಳನ್ನು ಕರೆತಂದಳು.

*

ಗುಂಡಯ್ಯ ದೇವರಂಥ ಮನುಷ್ಯನೇನಲ್ಲ. ತನ್ನ ಕೊಬ್ಬರಿ ಅಟ್ಟದ ಕೆಳಗೆ ಮಕ್ಕಳಿಗೆ ಓದಲು ಜಾಗ ಕೊಟ್ಟದ್ದೂ ಪುಣ್ಯಕ್ಕಲ್ಲ. ಹೆಂಗಸರು ಕಾಯಿ ಸುಲಿಯುವಾಗ ಮಕ್ಕಳು ಕಾಲಿಗೆ ತೊಡರುತ್ತವೆ, ಒಂದು ಕಡೆ ಕೂಡಿಹಾಕಿಕೊಳ್ಳಿ ಎಂದೇ ಹೇಳಿದ್ದ. ಬಾಯಾರಿದೆ ಎಂದರೆ ಚೊಂಬನ್ನು ಮೇಲೆತ್ತಿ ಹಿಡಿದು ಬೊಗಸೆಗೆ ನೀರು ಸುರಿಯುತ್ತಿದ್ದ. ಅವನನ್ನು ಕಂಡರೆ ಆಗ ಸ್ಮಿತಾಗೆ ಮೈ ಉರಿಯುತ್ತಿತ್ತು.

ಆಮೇಲೆ ಅವನ ಕಣ್ಣಿಗೆ ಪೊರೆ ಬಂತು. ಪೇಪರು ಓದಿ ಹೇಳು ಎಂದರೆ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಒಂದು ಸಂಜೆ ನಿಸರ್ಗಳನ್ನು ಕರೆದು, ಕೊಬ್ಬರಿ ರೇಟು ಎಷ್ಟಿದೆ ನೋಡು ಎಂದ. ಅವಳಿನ್ನೂ ಒತ್ತಕ್ಷರಕ್ಕೆ ತಡವರಿಸುವವಳು. ಒಂದು ಸಾಲಿಗೆ ಅವನ ಬಾಯಲ್ಲಿದ್ದ ಎಲೆಅಡಿಕೆಯೆಲ್ಲ ಮುಗಿದುಹೋಯಿತು. ಗುಂಡಯ್ಯ ಬೈಯಲಿಲ್ಲ, ಕಾದ. ಮುಂದಿನ ಸಲವೂ ಕರೆದ. ರೇಟು ಮುಗಿದರೆ ಯಾರು ಯಾರು ಸತ್ತಿದ್ದಾರೆ ಓದವ್ವ ಎನ್ನುವನು. ಗುರುತಿನವರ ಹೆಸರು ಬಂದರೆ ನಾಲಿಗೆ ಲೊಚಗುಟ್ಟಿ, ಅವರ ಕತೆ ಹೇಳುವನು. ಮಕ್ಕಳೆಲ್ಲ ಸುತ್ತ ಕೂರುವವು. ಹಾಗೆ ಕತೆ ಹೇಳುತ್ತ ಹೇಳುತ್ತ ಒಂದು ದಿನ ಚೊಂಬನ್ನೇ ನಿಸರ್ಗಳ ಕೈಗೆ ಕೊಟ್ಟುಬಿಟ್ಟ. ಕೊಟ್ಟದ್ದು ಅವನಿಗೂ ಗೊತ್ತಾಗಲಿಲ್ಲ. ಸ್ಮಿತಾ ಮಾತ್ರ ಎದ್ದು ಆಚೆ ಹೋಗಿ ನಿಂತಳು.

ಅವನು ಆ ಮಾತು ಹೇಳಿದ್ದೂ ಹಾಗೆ ಸತ್ತವರ ಹೆಸರು ಓದಿಸುತ್ತಿದ್ದ ಸಂಜೆಯೇ.

"ನನ್ ಮಣ್ಗೆ ನೀವೂ ಬರ್ಬೇಕು ಕಣ್ರವ್ವ. ಒಂದೊಂದ್ ಇಡಿ ಆಕಿ. ನಮ್ಮನೇವು ಕಾಟಾಚಾರಕ್ಕೆ ಆಕ್ತವೆ."

*

ತೋಟದಲ್ಲಿ ಜೇಸೀಬಿ ಗುಂಡಿ ತೋಡಿ ಪಕ್ಕಕ್ಕೆ ನಿಂತಿತ್ತು. ಹೆಣ ಇಳಿಸಿದರು. ರವೀಂದ್ರ ಇನ್ನೂ ಗಡಿಗೆ ಹೊತ್ತು ಸುತ್ತು ಬರಬೇಕಿತ್ತು. ಜನ ಮುಗಿಬಿದ್ದರೆ ಆಮೇಲೆ ಫೋಟೋ ಸಿಗುವುದಿಲ್ಲವೆಂದು ಕೀರ್ತಿರಾಜ್ ಸರ್ ಮಕ್ಕಳನ್ನು ಗುಂಡಿಯ ಅಂಚಿಗೆ ನಿಲ್ಲಿಸಿ, ಕೈಯಲ್ಲಿ ಮಣ್ಣು ಹಿಡಿಸಿದರು. ಹಾಕಬೇಡಿ, ಹಾಕುವ ಹಾಗೆ ಹಿಡಿದುಕೊಳ್ಳಿ ಎಂದರು. ಹಿಂದೆ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದ ಸ್ಮಿತಾ ನುಗ್ಗಿ ಬರುವಷ್ಟರಲ್ಲಿ ಎಲ್ಲರಿಗಿಂತ ಸಣ್ಣ ಮಗುವಿನ ಮುಷ್ಟಿ ಸಡಿಲಾಗಿ ಮಣ್ಣು ಹೆಣದ ಮೇಲೆ ಬಿತ್ತು.

ಮೊದಲ ಮಣ್ಣು ಹಿರಿಮಗನದು. ಅದು ತಪ್ಪಿದರೆ ಆ ಕಡೆ ಮಹಾ ಅಪಚಾರ.

"ಮಗ ಆಕೋಕ್ ಮುಂಚೆ ಯಾವ್ದ್ಲಾ ಅದು ಆಕಿದ್ದು?" ಎಂದರು ದಾಯಾದಿಗಳಲ್ಲಿ ಹಿರಿಯರಾದ ದ್ಯಾವಯ್ಯ.

ರವೀಂದ್ರ ಮಕ್ಕಳ ಹೆಗಲಿಗೆ ಕೈಹಾಕಿ ಹಿಂದಕ್ಕೆ ದಬ್ಬಿದ. ನಾನೇ ನಿಲ್ಲಿಸಿದ್ದು ಎಂಬ ಒಂದು ಮಾತಿಗಾಗಿ ಸ್ಮಿತಾ ಕೀರ್ತಿರಾಜ್ ಸರ್ ಮುಖ ನೋಡಿದಳು. ಸರ್ ಫೋನು ಜೇಬಿಗಿಳಿಸಿದರು.

"ಎಷ್ಟು ಹೇಳ್ಕೊಟ್ರೂ ಈ ಮಕ್ಕಳಿಗೆ ತಿಳುವಳಿಕೆ ಬರಲ್ಲ ರವೀಂದ್ರಣ್ಣ. ಏನೂ ಅನ್ಕೋಬೇಡಿ."

ಅವರ ಇಸ್ತ್ರಿ ಅಂಗಿಯ ಮೇಲೆ ಕ್ಯಾಕರಿಸಿ ಉಗಿಯಬೇಕು ಎನಿಸಿತು ಸ್ಮಿತಾಗೆ. ಈ ಮನುಷ್ಯನ ಹಿಂದೆ ಪುಸ್ತಕ ಹೊತ್ತು ಓಡಾಡಿದೆನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು.

ಮಕ್ಕಳನ್ನು ಬೇಲಿಯಾಚೆಗೆ ಅಟ್ಟಿದರು. ರವೀಂದ್ರ ಗಡಿಗೆ ಒಡೆದು ಮಣ್ಣು ಹಾಕಿದ. ಮಿಕ್ಕವರೂ ಹಾಕಿ ಕೈ ಕೊಡವಿಕೊಂಡರು. ತಿರುಗಿ ನೋಡಬಾರದಾದ್ದರಿಂದ ಎಲ್ಲ ತಲೆತಗ್ಗಿಸಿ ಪಂಪ್‌ಸೆಟ್ಟಿನ ಕಡೆ ನಡೆದರು. ಜೇಸೀಬಿ ಗುಡುಗಿತು. ನಿಸರ್ಗ ಬೇಲಿಯಾಚೆ ಮುಷ್ಟಿ ಬಿಚ್ಚದೆ ನಿಂತಿದ್ದಳು. ಅಳುತ್ತಿರಲಿಲ್ಲ. ಸ್ಮಿತಾಳನ್ನೇ ನೋಡುತ್ತಿದ್ದಳು.

ಸ್ಮಿತಾ ಹೋಗಿ ಜೇಸೀಬಿಗೆ ಅಡ್ಡ ನಿಂತಳು. ಡ್ರೈವರ್ ಬೈದುಕೊಂಡು ಇಂಜಿನ್ ಆರಿಸಿದ.

"ಇನ್ನೂ ಮಣ್ಣಾಕೋರು ಅವ್ರೆ, ತಡಿಯಣ್ಣ," ಎಂದಳು.

ಸದ್ದು ನಿಂತದ್ದಕ್ಕೆ, ತಿರುಗಬಾರದವರೆಲ್ಲ ತಿರುಗಿದರು. ಬೇಲಿ ನುಸುಳಿ ಮಕ್ಕಳು ಬಂದರು. ನಾಳೆಯಿಂದ ಅಟ್ಟದ ಕೆಳಗೆ ಒಂದು ನರಪಿಳ್ಳೆ ಕಾಣಿಸಿಕೊಂಡರೂ ಕಾಲು ಮುರಿಯುತ್ತೇನೆಂದು ರವೀಂದ್ರ ಅಲ್ಲಿಂದಲೇ ಕೂಗಿದ. ಮುರಿಯುವವನೇ ಎಂದು ಸ್ಮಿತಾಗೂ ಗೊತ್ತು. ಅವಳು ನಿಸರ್ಗಳ ಬೆನ್ನಿಗೆ ಕೈಕೊಟ್ಟು ಬಗ್ಗಿಸಿದಳು. ಬೆವರಿಗೆ ಉಂಡೆಗಟ್ಟಿದ್ದ ಮಣ್ಣು ಗುಂಡಯ್ಯನ ಎದೆಯ ಮೇಲೆ ಬಿತ್ತು. ಒಂದೊಂದಾಗಿ ಮಕ್ಕಳೆಲ್ಲ ಹಾಕಿದವು.

ಕೀರ್ತಿರಾಜ್ ಸರ್ ಏದುಸಿರು ಬಿಡುತ್ತ ಓಡಿಬಂದರು. ಫೋನು ಮುಖದ ಮುಂದಿತ್ತು.

"ಸೂಪರ್ ಸ್ಮಿತಾ. ಆ ಸಣ್ಣದರ ಕೈಲಿ ಇನ್ನೊಂದ್ಸಲ ಹಾಕ್ಸು."

ಸ್ಮಿತಾ ಬಗ್ಗಿ, ಹಸಿಮಣ್ಣು ಹಿಡಿತುಂಬ ಬಾಚಿಕೊಂಡು, ಆ ಫೋನಿನ ಕಣ್ಣಿಗೆ ಅಂಗೈ ಒತ್ತಿ ಮೆತ್ತಿದಳು. ಕೈಯಲ್ಲಿ ಮಿಕ್ಕದ್ದನ್ನು ಗುಂಡಯ್ಯನಿಗೆ ಹಾಕಿದಳು.