ಜೆ ಹಾಕಿ ನೋಡು

"ಯಾರು ಏನು ಓದಿದ್ರು ಅಂತ ಸತ್ರೂ ಬಾಯಿ ಬಿಡಬೇಡ. ಮಾತು ಕೊಡು," ಎಂದು ಮುದುಕಿ ಗ್ರಂಥಪಾಲಕಿ ಸಾಕಿನ್ ಆಪಾ ಕೇಳಿದ್ದು, ಬುರುಲ್ಚಾ ಬಿಷ್ಕೆಕ್‌ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ದಿನ. ಆಪಾಳ ಅಣ್ಣನನ್ನು ಹಿಂದೆ ಸೋವಿಯತ್ ಕಾಲದಲ್ಲಿ ಪೊಲೀಸರು, ಅವನು ಓದಲು ಒಯ್ದ ಪುಸ್ತಕದ ನೆಪಕ್ಕೇ ಎಳೆದೊಯ್ದಿದ್ದರು. ಬುರುಲ್ಚಾ ಮಾತು ಕೊಟ್ಟಳು. ಆಗ ಅದೇನು ಕಷ್ಟದ್ದೆನಿಸಿರಲಿಲ್ಲ.

ಈಗ ಅವಳದೇ ತಲೆ ನರೆತಿದೆ; ವಿದ್ಯಾರ್ಥಿಗಳಿಗೆಲ್ಲ ಅವಳು 'ಎಜೆ', ಅಕ್ಕ. ಹೋದ ವಾರ ಅರ್ಥಶಾಸ್ತ್ರದ ಹುಡುಗಿ ಐಜಿರೆಕ್ ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಸಿಮೆಂಟಿನ ಬೆಲೆ ಯಾಕೆ ಇಳಿಯುವುದಿಲ್ಲ ಎಂಬುದು ಅವಳ ಪ್ರಬಂಧ. ಕಂಪನಿಗಳ ವಿವರವೆಲ್ಲ ಇರುವ ಡೇಟಾಬೇಸ್‌ಗೆ ಗ್ರಂಥಾಲಯ ಚಂದಾ ಕಟ್ಟಿತ್ತು. ವಿದ್ಯಾರ್ಥಿಗಳ ಲಾಗಿನ್ ಕೆಟ್ಟು ಕೂತಿದ್ದರಿಂದ ಎಲ್ಲರೂ ಬುರುಲ್ಚಾಳ ಹೆಸರಿನಲ್ಲೇ ಒಳಹೋಗುತ್ತಿದ್ದರು.

"ಕಾರ್ಖಾನೆ ಜುಮ್ಗಾಲೊವ್ ಅವರದು ಅಂತ ಊರೆಲ್ಲ ಹೇಳುತ್ತೆ, ಎಜೆ. ಇಲ್ಲಿ ನೋಡಿದ್ರೆ ಅಂಥ ಮನುಷ್ಯ ಹುಟ್ಟೇ ಇಲ್ಲ!"

"ಹೇಗೆ ಬರೆದೆ? ಇಂಗ್ಲಿಷಲ್ಲಿ ಹೆಸರಿನ ಮೊದಲಿಗೆ ರಷ್ಯನ್ನರ ಥರ ಜೆಡ್ ಎಚ್ ಹಾಕಿದ್ಯಾ? ಅಯ್ಯೋ ಮಂಕೆ, ದೊಡ್ಡವರೆಲ್ಲ ಹೊಸ ಪಾಸ್‌ಪೋರ್ಟಲ್ಲಿ ಹೆಸರಿನ ಕಾಗುಣಿತ ಬದಲಿಸಿಕೊಂಡು ಕಿರ್ಗಿಜ್ ಆಗಿಬಿಟ್ಟಿದಾರೆ. ಜೆ ಹಾಕಿ ನೋಡು."

ಪರದೆ ತುಂಬಿತು. ಸಿಮೆಂಟು, ಸುಣ್ಣದ ಗಣಿ, ಲಾರಿ ಕಂಪನಿ. ಪೈಪೋಟಿಯವು ಎಂದುಕೊಂಡಿದ್ದ ಕಾರ್ಖಾನೆಗಳು ಕೂಡ ಒಂದೇ ಹೆಸರಿಗೆ ಬಂದು ನಿಂತವು.

"ಎಜೆ," ಐಜಿರೆಕ್ ದನಿ ತಗ್ಗಿಸಿದಳು, "ಕೆಳಗೆ ಬಾಗಿಲ ಹತ್ರ ಫೋಟೊ ಇರೋರಲ್ವಾ ಇವರು? ನಮ್ಮ ವಿಶ್ವವಿದ್ಯಾಲಯದ ಟ್ರಸ್ಟಿ?"

ಬುರುಲ್ಚಾ ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಇವತ್ತು ಜುಮ್ಗಾಲೊವ್ ಕಡೆಯಿಂದ ಬಂದವನು ಟೋಪಿ ತೆಗೆದು, ಬಲು ಮರ್ಯಾದೆಯಿಂದ ಅವಳೆದುರು ಕೂತ. ಅವಳು ಚಹಾ ಕೊಟ್ಟಳು, ರೊಟ್ಟಿ ಇಟ್ಟಳು.

"ನಿಮ್ಮ ಹೆಸರಲ್ಲಿ ಯಾರೋ ನಮ್ಮ ಸಾಹೇಬರನ್ನ ಹುಡುಕಿದಾರೆ, ಎಜೆ. ಮೊದಲು ತಪ್ಪಾಗಿ, ಆಮೇಲೆ ಸರಿಯಾಗಿ. ಹುಡುಕಿದ್ದೆಲ್ಲ ವಿಶ್ವವಿದ್ಯಾಲಯದ ಮೇಲಿನ ಕಚೇರಿಗೆ ಕಾಣುತ್ತೆ. ಕೂತಿದ್ದೋರು ಯಾರು ಅನ್ನೋದು ಮಾತ್ರ ಕಾಣಲ್ಲ."

ಅವನ ಬೆನ್ನ ಹಿಂದೆ, ಗಾಜಿನಾಚೆ, ಐಜಿರೆಕ್ ಪೆನ್ನು ಕಚ್ಚಿಕೊಂಡು ಓದುತ್ತಿದ್ದಳು.

"ನಾನೇ," ಎಂದಳು ಬುರುಲ್ಚಾ.

"ನಿಮಗ್ಯಾಕೆ ಎಜೆ ಸಿಮೆಂಟಿನ ಉಸಾಬರಿ?"

"ಬಚ್ಚಲು ಕಟ್ಟಿಸ್ತಿದೀನಿ. ಮೂಟೆ ಬೆಲೆ ಕೇಳಿದ್ರೆ ಎದೆ ಒಡೆಯುತ್ತೆ. ಯಾರಿಗೆ ಶಾಪ ಹಾಕ್ಬೇಕು ಅಂತ ನೋಡ್ದೆ."

ಅವನು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಿಧಾನವಾಗಿ ಚಹಾ ಮುಗಿಸಿ, ಕೋಟಿನ ಗುಂಡಿ ಹಾಕಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಇಡೀ ರೊಟ್ಟಿಯನ್ನು ಎತ್ತಿ, ದೂರದೂರಿಗೆ ಹೊರಟ ಮಗ ಒಂದು ತುತ್ತು ಕಚ್ಚಿ ಹೋಗಲಿ, ಉಳಿದದ್ದನ್ನು ತಿನ್ನಲು ಮರಳಿ ಬರಲಿ ಎಂದು ತಾಯಿ ಹಿಡಿಯುವ ಹಾಗೆ, ಅವಳ ಬಾಯಿಯ ಹತ್ತಿರ ಹಿಡಿದ.

"ಒಂದು ತುತ್ತು ಕಚ್ಚಿ, ಎಜೆ. ಉಳಿದದ್ದು ನೀವು ವಾಪಸ್ ಬಂದಾಗ ಇರುತ್ತೆ."

ಅವಳು ಕಚ್ಚಿದಳು, ತನ್ನ ಕೋಟು ಎತ್ತಿಕೊಂಡಳು. ಸಾಕಿನ್ ಆಪಾಗೆ ಕೊಟ್ಟ ಮಾತು ಉಳಿಯಿತು.